ಚೊಲೋ ವೆಬ್‌ಸೈಟ್ ಯಾವುದು ಅಂತ ಕೇಳುವವರಿಗೆ

"ಅಕ್ಕಾರ, ಒಂದು ಚೊಲೋ ವೆಬ್‌ಸೈಟ್ ಹೇಳ್ರಿ."

ಈ ಮಾತನ್ನು ಚಿಗರಿ ಬಸ್ಸಿನಲ್ಲಿ ಕೇಳಿದ್ದೇನೆ. ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲಿ ಮೆಂತ್ಯೆ ಆರಿಸುವಾಗ ಕೇಳಿದ್ದೇನೆ. ಹಾವೇರಿಯ ಒಂದು ಮದುವೆಯಲ್ಲಿ ಎಲೆಗೆ ಗೋಧಿ ಹುಗ್ಗಿ ಬೀಳುವ ಹೊತ್ತಿಗೂ ಕೇಳಿದ್ದೇನೆ. ಮನೆಯ ಕೆಲಸಗಳನ್ನೆಲ್ಲ ನಾನು ಕೂತಲ್ಲೇ ಮಾಡಿಕೊಳ್ಳುತ್ತೇನೆ ಅನ್ನುವುದು ಬಳಗಕ್ಕೆಲ್ಲ ಗೊತ್ತು. ಹೊಸ ವೆಬ್‌ಸೈಟ್ ಕಂಡರೆ ತೆರೆದು ನೋಡುವ ಚಟ ನನಗಿದೆ, ಅದೂ ಗೊತ್ತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಪ್ರಶ್ನೆಯೇ ಸರಿ ಇಲ್ಲ. ಯಾವ ಕೆಲಸಕ್ಕೆ ಅಂತ ಹೇಳದೆ ಚೊಲೋ ವೆಬ್‌ಸೈಟ್ ಯಾವುದು ಅಂದರೆ ನಾನೇನು ಹೇಳಲಿ? ಔಷಧದ ಅಂಗಡಿಗೆ ಹೋಗಿ "ಒಂದು ಚೊಲೋ ಗುಳಿಗಿ ಕೊಡ್ರಿ" ಅಂತ ಯಾರಾದರೂ ಕೇಳುತ್ತಾರಾ? ಕೆಲಸ ಯಾವುದು ಅಂತ ತಿರುಗಿ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ನಾನು ಗುಟ್ಟು ಬಿಟ್ಟುಕೊಡುತ್ತಿಲ್ಲ ಅಂತ. ಗುಟ್ಟು ಏನೂ ಇಲ್ಲ.

ರೈಲು ಎಲ್ಲಿದೆ ಅಂತ ನೋಡಲು ರೈಲ್ವೆಯದೇ ಎನ್‌ಟಿಇಎಸ್ ಅನ್ನುವ ವೆಬ್‌ಸೈಟ್ ಇದೆ. ಹೆಸರು ಬೇಡ, ಮೊಬೈಲ್ ನಂಬರ್ ಬೇಡ. ರೈಲಿನ ನಂಬರ್ ಹಾಕಿದರೆ ಸಾಕು. ಹುಬ್ಬಳ್ಳಿ ನಿಲ್ದಾಣಕ್ಕೆ ಈಗ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿದೆ, ಆದರೆ ಕೋಡ್ ಯುಬಿಎಲ್. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಊರು ನಮ್ಮದು. ಲಗೇಜು ಹೊತ್ತುಕೊಂಡು ಆ ತುದಿಯಿಂದ ಈ ತುದಿಗೆ ಓಡುವ ಮೊದಲು ರೈಲು ತಡ ಇದೆಯಾ ಅಂತ ನೋಡಿಕೊಳ್ಳುವುದು ಒಳ್ಳೆಯದು ಅಲ್ವಾ. ಇದೇ ಕೆಲಸಕ್ಕೆ ಬೇರೊಂದು ವೆಬ್‌ಸೈಟ್ ತೆರೆದಿದ್ದೆ. ರೈಲಿನ ಟೈಮ್ ತೋರಿಸುವುದಕ್ಕೆ ಅದು ನನ್ನ ಹುಟ್ಟಿದ ದಿನ ಕೇಳಿತು. ಅಲ್ಲೇ ಮುಚ್ಚಿದೆ.

ಕರೆಂಟ್ ಬಿಲ್ಲಿಗೆ ಹೆಸ್ಕಾಂ ವೆಬ್‌ಸೈಟೇ ಇದೆ. ಬಿಲ್ಲಿನ ಮೇಲಿರುವ ಅಕೌಂಟ್ ಐಡಿ ಎದುರಿಗೆ ಇಟ್ಟುಕೊಂಡರೆ ಆಯಿತು. ನಮ್ಮ ಓಣಿಯಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಅಜ್ಜ ಒಬ್ಬರಿದ್ದಾರೆ. ನವೆಂಬರ್ ಬಂತು ಅಂದರೆ ಜೀವಂತ ಇದ್ದೇನೆ ಅಂತ ತೋರಿಸಲು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಅದನ್ನೇ ಆನ್‌ಲೈನಿನಲ್ಲಿ ತೋರಿಸಲು ಪಿಂಚಣಿದಾರರಿಗೆ 2014ರಿಂದ ಜೀವನ್ ಪ್ರಮಾಣ್ ಇದೆ, ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ. ಆಧಾರ್, ಪಿಂಚಣಿ ಆದೇಶದ ಮೇಲಿರುವ ಪಿಪಿಒ ನಂಬರ್, ಬ್ಯಾಂಕ್ ಖಾತೆ ನಂಬರ್ ಬೇಕು. ಅಜ್ಜ ಮೂರನ್ನೂ ಒಂದು ಹಳೇ ಲಗ್ನಪತ್ರಿಕೆಯ ಹಿಂದೆ ಬರೆದಿಟ್ಟುಕೊಂಡಿದ್ದಾರೆ.

ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಅರ್ಜಿಯಲ್ಲಿ ಫೈಲ್ ಸಣ್ಣದಿರಬೇಕು ಅಂತ ಇರುತ್ತದೆ, ಒಪ್ಪುತ್ತೇನೆ. ಅದಕ್ಕೆ ಹುಡುಕಿದಾಗ ಮೊದಲು ಸಿಕ್ಕ ವೆಬ್‌ಸೈಟಿಗೆ ಆಧಾರ್ ಕಾರ್ಡು, ಅಂಕಪಟ್ಟಿ ಎಲ್ಲ ಏರಿಸಿಬಿಡುವುದಾ? ಅದು ಯಾರದು, ಎಲ್ಲಿಯದು, ನಿಮ್ಮ ಕಾಗದ ಎಷ್ಟು ದಿನ ಇಟ್ಟುಕೊಳ್ಳುತ್ತದೆ, ಏನೂ ಗೊತ್ತಿಲ್ಲ. ಫೋಟೋ ಸಣ್ಣದು ಮಾಡುವುದನ್ನು ಮೊಬೈಲಿನಲ್ಲೇ ಮಾಡಬಹುದು. ಆಧಾರ್ ಕೊಡಲೇಬೇಕಾದ ಕಡೆ, ಮೊದಲ 8 ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಒಪ್ಪುತ್ತಾರಾ ಕೇಳಿ. ಆಧಾರ್ ಕೊಡುವ ಯುಐಡಿಎಐ ವೆಬ್‌ಸೈಟಿನಲ್ಲೇ ಅದು ಸಿಗುತ್ತದೆ. ಸರ್ಕಾರಿ ಕೆಲಸ ಅಂದರೆ ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ ಇದೆಯಾ ನೋಡಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು.

ಇಷ್ಟೇ ಉತ್ತರ. ಇನ್ನು ನನ್ನನ್ನು ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ನಮ್ಮ ಕಾಕಾನ ಉತಾರದ, ಅಂದರೆ ಹೊಲದ ಪಹಣಿಯ, ಕಥೆ ಹೇಳಬೇಕು.

ಕಾಕಾ ಇರುವುದು ನವಲಗುಂದ ತಾಲ್ಲೂಕಿನಲ್ಲಿ. ಎರೆ ಹೊಲ. ಹೆಸರು, ಕಡಲೆ, ಹತ್ತಿ. ಎರಡು ವರ್ಷದ ಹಿಂದೆ ಬೆಳೆಸಾಲಕ್ಕೆ ಅಂತ ಓಡಾಡುತ್ತಿದ್ದರು. ಸೀದಾ ನಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಯವ್ವಾ, ಉತಾರ ತಗಿಯೂದಕ್ಕ ಚೊಲೋ ವೆಬ್‌ಸೈಟ್ ಯಾವ್ದು? ಲಗೂನ ತಗದು ಕೊಡು, ಬಸ್ಸಿಗೆ ಹೊತ್ತಾಗ್ತೈತಿ."

ಚಹಾ ಕೊಟ್ಟು ಕೂಡಿಸಿದೆ. ಪಹಣಿ ಸಿಗುವ ಸರ್ಕಾರದ ಭೂಮಿ ವೆಬ್‌ಸೈಟ್ ತೆರೆದು ಮೊಬೈಲ್ ಅವರ ಕೈಗೇ ಕೊಟ್ಟೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್. ಅಲ್ಲಿಯವರೆಗೆ ಸರಾಗ. ಆಮೇಲೆ ಸರ್ನೋಕ್ ಅಂತ ಬರುತ್ತದೆ, ಒಳಗೆ ಬರೀ ಒಂದು ಚುಕ್ಕಿಯಂಥ ಗುರುತು. ಕಾಕಾ ಅಲ್ಲಿ ನಿಂತರು. "ಇದೇನು ಬರದಿಲ್ಲಲ್ಲ." ಅದನ್ನೇ ಒತ್ತಬೇಕು ಅಂದೆ. ಎಷ್ಟೋ ಜನ ಆ ಚುಕ್ಕಿಗೇ ಹೆದರಿ ವಾಪಸ್ ಹೋಗುತ್ತಾರೆ. ಆಮೇಲೆ ಹಿಸ್ಸಾ ನಂಬರ್, ವರ್ಷ. ಉತಾರ ಬಂತು. ನೋಡುವುದಕ್ಕೆ ದುಡ್ಡೂ ಇಲ್ಲ.

"ಆತಲ್ಲ, ಪ್ರಿಂಟ್ ಹಾಕ್ಸು" ಅಂತ ಕಾಕಾ ಎದ್ದರು. ನಾನು ಬಿಡಲಿಲ್ಲ. ಎರಡು ಬೆರಳಿಂದ ಹಿಗ್ಗಿಸಿ 11ನೇ ಕಾಲಂ ಓದಿರಿ ಅಂದೆ. ಅದರಲ್ಲಿ ಹೊಲದ ಮೇಲಿರುವ ಸಾಲದ ಬೋಜಾ, ಅಂದರೆ ಋಣಭಾರ, ಇರುತ್ತದೆ. ಕಾಕಾ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಓದಿದರು. ಓದಿದ್ದನ್ನೇ ಮತ್ತೊಮ್ಮೆ ಓದಿದರು. ಹತ್ತು ವರ್ಷದ ಹಿಂದೆ ತೀರಿಸಿದ ಸಾಲ ಹಾಗೇ ಕೂತಿತ್ತು. ಕಾಕಿಯ ಪಾಟಲಿ ಬಳೆ ಮಾರಿ ತೀರಿಸಿದ ಸಾಲ ಅದು.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು. "ವರ್ಷಾ ಉತಾರ ತಗಸ್ತೀನಿ. ಕಿಸೇದಾಗ ಇಟ್ಕೊಂಡು ಹೋಗಿ ಕೊಟ್ಟು ಬರ್ತೀನಿ. ಒಮ್ಮೇನೂ ಓದಿಲ್ಲ ನೋಡು."

ಹಿಂದೆ ಉತಾರ ತಲಾಟಿಯ ಕೈಬರಹದಲ್ಲಿರುತ್ತಿತ್ತು. ಅವರ ದಫ್ತರದ ಚೀಲ ಬಿಚ್ಚಿದಾಗಲೇ ನಮಗೆ ನೋಡಲು ಸಿಗುತ್ತಿತ್ತು. ಭೂಮಿ ಯೋಜನೆ ಬಂದು 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದಿದ್ದವು. ಸಣ್ಣ ಕೆಲಸ ಅಲ್ಲ ಅದು. ನಮ್ಮ ಹೊಲದ ಕಾಗದ ನಮ್ಮ ಕಣ್ಣೆದುರಿಗೆ ಬಂತು. ಆದರೆ ಕಂಪ್ಯೂಟರಿಗೆ ಕಾಕಿಯ ಪಾಟಲಿ ಗೊತ್ತಿಲ್ಲ. ಸಾಲ ತೀರಿದೆ ಅಂತ ಯಾರಾದರೂ ಕಾಗದ ಕೊಡುವವರೆಗೆ ಬೋಜಾ ಹಾಗೇ ಇರುತ್ತದೆ. ಸಾಲ ಕೊಟ್ಟವರಿಂದ ಬೇಬಾಕಿ ಪತ್ರ ತಂದು ತಾಲ್ಲೂಕು ಕಚೇರಿಗೆ ಕೊಟ್ಟು, ಅದು ತೆಗೆದುಹೋಗುವಷ್ಟರಲ್ಲಿ ಕಾಕಾ ಎರಡು ಜೋಡಿ ಚಪ್ಪಲಿ ಸವೆಸಿದರು. ಆ ವರ್ಷ ಹಿಂಗಾರಿ ಬೀಜಕ್ಕೆ ಕೈಗಡ ಮಾಡಬೇಕಾಯಿತು.

ಅದಕ್ಕೇ ಹೇಳುತ್ತಿದ್ದೇನೆ. ವೆಬ್‌ಸೈಟ್ ಯಾವುದು ಅಂತ ಎಲ್ಲರೂ ಕೇಳುತ್ತೀರಿ. ಅದರಲ್ಲಿ ಏನು ಬರೆದಿದೆ ಅಂತ ಯಾಕೆ ಕೇಳುವುದಿಲ್ಲ? ಮೊಬೈಲ್ ನನ್ನ ಕೈಗೆ ಕೊಟ್ಟು, ಓಟಿಪಿಯನ್ನೂ ಊರಿಗೆಲ್ಲ ಕೇಳುವ ಹಾಗೆ ಓದಿ ಹೇಳಿ, "ಎಲ್ಲಾ ನೀವೇ ಒತ್ರಿ" ಅನ್ನುತ್ತೀರಿ. ನಾನು ಒತ್ತುವುದಿಲ್ಲ. ಬೇಜಾರು ಮಾಡಿಕೊಂಡರೂ ಒತ್ತುವುದಿಲ್ಲ. ಪಕ್ಕದಲ್ಲಿ ಕೂತು ಎಷ್ಟು ಹೊತ್ತು ಬೇಕಾದರೂ ತೋರಿಸುತ್ತೇನೆ. ಒಂದೊಂದೇ ಸಾಲು ಓದೋಣ ಅಂದರೆ ಒಲೆಯ ಮೇಲಿನ ಹಾಲು ಇಳಿಸಿ ಬಂದು ಕೂರುತ್ತೇನೆ.

ಕಳೆದ ವಾರ ಕಾಕಾನ ಫೋನ್ ಬಂದಿತ್ತು. ಬೆಳಿಗ್ಗೆ ಇನ್ನೂ ಆರೂವರೆ. "ಯವ್ವಾ, ಆ ದಿಬ್ಬದ ಹೊಲದ ಉತಾರ ನಾನ ತಗದ್ನಿ. ಚುಕ್ಕೀನೂ ಒತ್ತಿದ್ನಿ. ಒಂಬತ್ತನೇ ಕಾಲಂನಾಗ ಇನ್ನೂ ನಿಮ್ಮ ಅಮ್ಮನ ಹೆಸರೈತಿ ನೋಡು. ಆಕಿ ಹೋಗಿ ಹದಿನಾಲ್ಕು ವರ್ಷಾತು. ವಾರಸಾ ಮಾಡ್ಸಾಕ ಏನೇನ್ ಕಾಗದ ಬೇಕಾಗ್ತಾವ?"

ಅಮ್ಮ ಅಂದರೆ ನಮ್ಮ ಮನೆಯಲ್ಲಿ ಅಜ್ಜಿ. ಅಜ್ಜಿಯ ಮರಣ ಪ್ರಮಾಣಪತ್ರ ಹುಡುಕಿಡಿ, ಶನಿವಾರ ನಾನೇ ಊರಿಗೆ ಬರುತ್ತೇನೆ ಅಂದೆ.