ಮೊಲದ ಮೈಯ ಒಂದು ಚೂರು

ಹ್ಯೂಸ್ಟನ್ನಿನ ಸ್ಪೇಸ್ ಸೆಂಟರಿನಲ್ಲಿ ರಾಕೆಟ್ಟು, ನೌಕೆಗಳನ್ನೆಲ್ಲ ಬೇಗಬೇಗ ನೋಡಿ ಮುಗಿಸಿದೆ. ಅಷ್ಟು ದೂರ ಹೋಗಿದ್ದು ಒಂದು ಕಲ್ಲು ಮುಟ್ಟುವುದಕ್ಕೆ. ಅಪೊಲೊ 17ರ ಗಗನಯಾತ್ರಿಗಳು 1972ರ ಡಿಸೆಂಬರಿನಲ್ಲಿ ಚಂದ್ರನ ಟಾರಸ್-ಲಿಟ್ರೋ ಕಣಿವೆಯಿಂದ ಹೊತ್ತುತಂದ, ಎಂಟು ಕಿಲೋ ತೂಗುವ ಕಲ್ಲಿನಿಂದ ಕೊಯ್ದ ಚೂರು ಅದು.

ನನ್ನ ಸರದಿ ಬಂತು. ಬೆರಳಿಟ್ಟೆ. ನುಣ್ಣಗಿತ್ತು. ಆ ನುಣುಪು ಚಂದ್ರನದಲ್ಲ, ನನಗಿಂತ ಮೊದಲು ಬಂದವರ ಬೆರಳುಗಳು ಸವೆಸಿದ್ದು. ಬಣ್ಣ ಹೆಚ್ಚುಕಡಿಮೆ ಕಪ್ಪು. ಹಿಂದೆ ನಿಂತಿದ್ದ ಪುಟ್ಟ ಹುಡುಗಿ ಅಮ್ಮನನ್ನು ಕೇಳುತ್ತಿದ್ದಳು, ಚಂದ್ರ ಬೆಳ್ಳಗಲ್ಲವಾ ಅಂತ.

ಒಳ್ಳೆಯ ಪ್ರಶ್ನೆ. ಚಂದ್ರನಿಗೆ ಶಶಾಂಕ ಎಂಬ ಹೆಸರು ಬಂದದ್ದು ಅವನ ಮೈಮೇಲಿನ ಮೊಲದಿಂದ. ಆ ಮೊಲವೇ ಈ ಕಪ್ಪು. ಉಲ್ಕೆಗಳು ಬಡಿದು ತೋಡಿದ್ದ ಭಾರಿ ಹೊಂಡಗಳಿಗೆ ಒಳಗಿನಿಂದ ಲಾವಾ ಉಕ್ಕಿ ತುಂಬಿಕೊಂಡಿತು, ಆರಿ ಬಸಾಲ್ಟ್ ಆಯಿತು. ನಾನು ಮುಟ್ಟಿದ್ದಕ್ಕೆ ಸುಮಾರು 380 ಕೋಟಿ ವರ್ಷ. ಇದರಲ್ಲಿರುವ ಖನಿಜಗಳಾದ ಕಡುಬಣ್ಣದ ಪೈರಾಕ್ಸೀನ್, ತಿಳಿಬಣ್ಣದ ಪ್ಲೇಜಿಯೋಕ್ಲೇಸ್ ಭೂಮಿಯ ಬಸಾಲ್ಟಿನಲ್ಲೂ ಇವೆ. ಆದರೆ ಇದರಲ್ಲಿ ಇಲ್ಮೆನೈಟ್ ಎಂಬ, ಕಬ್ಬಿಣ ಮತ್ತು ಟೈಟಾನಿಯಂ ಇರುವ ಕಪ್ಪು ಖನಿಜ ಎಷ್ಟಿದೆಯೆಂದರೆ, ಟೈಟಾನಿಯಂ ಡೈಆಕ್ಸೈಡೇ ನೂರಕ್ಕೆ 13ರ ಹತ್ತಿರ. ನೀರು, ಗಾಳಿ ಸೋಕದೆ ಬೆಳೆದ ಕಲ್ಲಾದ್ದರಿಂದ ಜೇಡಿಯಾಗಿಲ್ಲ, ತುಕ್ಕು ಹಿಡಿದಿಲ್ಲ.

ಆ ಹುಡುಗಿ ಕೇಳಿದ ಬೆಳ್ಳನೆಯ ಚಂದ್ರನ ಕಲ್ಲು ಪಕ್ಕದ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಪ್ರಯೋಗಾಲಯದಲ್ಲಿದೆ. ಅಪೊಲೊ ಯಾನಗಳು ತಂದ 382 ಕಿಲೋದಲ್ಲಿ ಬಹುಪಾಲು ಅಲ್ಲೇ, ನೈಟ್ರೋಜನ್ ತುಂಬಿದ ಪೆಟ್ಟಿಗೆಗಳಲ್ಲಿ. ನಮ್ಮಂಥವರಿಗೆ ಪ್ರವೇಶವಿಲ್ಲ. 1971ರಲ್ಲಿ ಡೇವಿಡ್ ಸ್ಕಾಟ್, ಜೇಮ್ಸ್ ಇರ್ವಿನ್ ಹೆಕ್ಕಿದ 'ಜೆನೆಸಿಸ್ ಕಲ್ಲು' ಅಲ್ಲಿದೆ: ಬರೀ 269 ಗ್ರಾಂ, ವಯಸ್ಸು 400 ಕೋಟಿ ವರ್ಷಕ್ಕೂ ಹೆಚ್ಚು. ಹೆಚ್ಚುಕಡಿಮೆ ಇಡಿಯಾಗಿ ಪ್ಲೇಜಿಯೋಕ್ಲೇಸ್ ಆಗಿರುವ ಇಂಥ ಶಿಲೆಗೆ ಅನಾರ್ಥೊಸೈಟ್ ಎನ್ನುತ್ತಾರೆ. ಒಂದೇ ಖನಿಜ ಇಷ್ಟು ಶುದ್ಧವಾಗಿ ಒಟ್ಟುಗೂಡಿದ್ದು ಹೇಗೆ? ಎಳೆಯ ಚಂದ್ರನ ಮೇಲೆಲ್ಲ ಶಿಲಾಪಾಕದ ಕಡಲಿತ್ತು. ಅದು ಆರುತ್ತ ಬಂದಂತೆ ಭಾರದ ಆಲಿವೀನ್, ಪೈರಾಕ್ಸೀನ್ ತಳ ಸೇರಿದವು, ಹಗುರ ಪ್ಲೇಜಿಯೋಕ್ಲೇಸ್ ಕೆನೆಯಂತೆ ಮೇಲೆ ಕಟ್ಟಿತು. ಅಷ್ಟು ಶಾಖಕ್ಕೆ ಕಾರಣವಾಗಿ ವಿಜ್ಞಾನಿಗಳು ಹೇಳುವುದು ಮಂಗಳನಷ್ಟು ದೊಡ್ಡ ಕಾಯವೊಂದು ಎಳೆಯ ಭೂಮಿಗೆ ಗುದ್ದಿ, ಸಿಡಿದ ಚೂರುಗಳು ಕೂಡಿ ಚಂದ್ರನಾದ ಕತೆ. ಭೂಮಿ, ಚಂದ್ರ ಎರಡೂ ಕಡೆಯ ಕಲ್ಲುಗಳಲ್ಲಿ ಆಮ್ಲಜನಕದ ಐಸೊಟೋಪ್‌ಗಳ (ಬೇರೆಬೇರೆ ತೂಕದ ಪರಮಾಣುಗಳ) ಪ್ರಮಾಣ ಬಹುತೇಕ ಒಂದೇ ಆಗಿರುವುದು ಆ ನೆಂಟಸ್ತಿಕೆಯ ಗುರುತು.

ನನ್ನನ್ನು ಹೆಚ್ಚು ಕಾಡಿದ್ದು ಪ್ರಜ್ಞಾನ್, ನಮ್ಮ ಚಂದ್ರಯಾನ-3 ಚಂದ್ರನ ಮೇಲಿಳಿಸಿದ ಪುಟ್ಟ ಗಾಡಿ. 2023ರಲ್ಲಿ ಅದು ಸುಮಾರು 69 ಡಿಗ್ರಿ ದಕ್ಷಿಣದಲ್ಲಿ 23 ಕಡೆ ಮಣ್ಣಿನಲ್ಲಿ ಯಾವ ಧಾತು ಎಷ್ಟಿದೆಯೆಂದು ಅಳೆಯಿತು. ಅಲ್ಲೂ ಸಿಕ್ಕಿದ್ದು ಇದೇ ಅನಾರ್ಥೊಸೈಟಿನ ಬಳಗ. ಜೆನೆಸಿಸ್ ಕಲ್ಲು ಸಿಕ್ಕ ಜಾಗ ಉತ್ತರಾರ್ಧದಲ್ಲಿ, ಸಾವಿರಾರು ಕಿಲೋಮೀಟರ್ ಆಚೆ. ಅಂದರೆ ಕೆನೆ ಒಂದು ಮೂಲೆಯಲ್ಲಷ್ಟೇ ಕಟ್ಟಿದ್ದಲ್ಲ.

ಬಿಳಿ ಕಲ್ಲು ನೋಡಲಾಗದಿದ್ದರೂ ಅದರ ಖನಿಜ ಈ ಕಪ್ಪು ಚೂರಿನಲ್ಲೂ ಇದೆಯಲ್ಲ. ತಿಳಿಬಣ್ಣದ ಆ ಎಳೆಗಳು ಕಂಡಾವೇನೋ ಎಂದು ಮತ್ತೆ ಸಾಲಿನ ತುದಿಗೆ ಹೋಗಿ ನಿಂತೆ.