ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗದ ಹೊತ್ತು

ಕುಮಟಾದಲ್ಲಿ ನಮ್ಮದು ಮೈಕ್‌ಸೆಟ್ ಅಂಗಡಿ. ಮಾವ ತೆಂಗಿನ ಮರಕ್ಕೆ ಹಾರ್ನ್ ಕಟ್ಟುತ್ತಿದ್ದ ಕಾಲದಲ್ಲಿ ವಯರ್ ಸುತ್ತಲು ಹೋದವನು ನಾನು, ಹಾಗೇ ಉಳಿದೆ. ಮದುವೆ, ಬಂಡಿಹಬ್ಬ, ಚುನಾವಣೆ, ಯಕ್ಷಗಾನದ ಆಟ, ಎಲ್ಲ ನೋಡಿದ್ದೇನೆ. ಹಾಗಾಗಿ ಕಾರವಾರದ ಕಾಲೇಜೊಂದರವರು ಫೋನ್ ಮಾಡಿ “ಇಡೀ ದಿನದ ಕಾರ್ಯಕ್ರಮ, ಒಂದೇ ವೇದಿಕೆ” ಅಂದಾಗ ಖುಷಿಯೇ ಆಯಿತು. ಒಂದು ಸಲ ಕಟ್ಟಿದರೆ ಮುಗೀತು, ಬಿಚ್ಚುವುದು ರಾತ್ರಿ ತಾನೇ?

ಪತ್ರಿಕೆ ವಾಟ್ಸಾಪ್‌ನಲ್ಲಿ ಬಂತು. 10ಕ್ಕೆ ಉದ್ಘಾಟನೆ, 10:30ಕ್ಕೆ ವಿಚಾರ ಸಂಕಿರಣ, 2ಕ್ಕೆ ತಾಳಮದ್ದಳೆ, 5ಕ್ಕೆ ಹಿಂದೂಸ್ತಾನಿ ಗಾಯನ, 7ರಿಂದ 10ರವರೆಗೆ ಕಾಲಮಿತಿ ಯಕ್ಷಗಾನ. ಸಂಕಿರಣ 2ಕ್ಕೆ ಮುಗಿಯುತ್ತದೆ, ತಾಳಮದ್ದಳೆ 2ಕ್ಕೇ ಶುರು. ಊಟ ಯಾವಾಗ ಅಂತ ಕೂಡ ಅದರಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ, ಬಾಡಿಗೆ ಎಷ್ಟು ಅಂತ ಮಾತ್ರ ಮಾತಾಡಿದೆ.

ಅವರ ಆಸೆ ಏನು ಅಂತ ನನಗೆ ಅರ್ಥವಾಗುತ್ತಿತ್ತು. ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ತವರುಮನೆ ಇದ್ದಹಾಗೆ. ಧಾರವಾಡದಲ್ಲಿ ಒಂದು ದಿನ ಕಳೆದು ಬಂದ ಮೇಷ್ಟ್ರಿಗೆ ನಮ್ಮಲ್ಲೂ ಹಾಗೊಂದು ದಿನ ಆಗಬೇಕು ಅನ್ನಿಸುವುದು ಸಹಜ. ಆದರೆ ಒಂದು ವ್ಯತ್ಯಾಸ ಇದೆ, ಅಲ್ಲಿ ಕೆಲಸ ಮಾಡಿದವನಾದ್ದರಿಂದ ನನಗೆ ಗೊತ್ತಿರಬೇಕಿತ್ತು. ಧಾರವಾಡದಲ್ಲಿ ಬೆಳಿಗ್ಗೆ ಭಾಷಣ ವಿಶ್ವವಿದ್ಯಾಲಯದಲ್ಲಿ, ಸಂಜೆ ಪುಸ್ತಕ ಬಿಡುಗಡೆ 1890ರಿಂದ ನಡೆದು ಬಂದ ವಿದ್ಯಾವರ್ಧಕ ಸಂಘದಲ್ಲಿ, ಅದೇ ಹೊತ್ತಿಗೆ ಗಾಯನ ಬೇರೆಲ್ಲೋ. ಜಾಗ ಬದಲಿಸುವವರು ಪ್ರೇಕ್ಷಕರು. ಇಲ್ಲಿ ಪ್ರೇಕ್ಷಕರು ಕೂತಲ್ಲೇ ಕೂತಿರುತ್ತಾರೆ, ಜಾಗವೇ ಬದಲಾಗಬೇಕು. ಬದಲಿಸಬೇಕಾದವರು ನಾನು ಮತ್ತು ನನ್ನ ಇಬ್ಬರು ಹುಡುಗರು.

ಬೆಳಿಗ್ಗೆ ನಾಲ್ಕೂವರೆಗೆ ಗಾಡಿ ಬಿಟ್ಟು ಅಂಕೋಲಾ ಮೇಲೆ ಕಾರವಾರ ಸೇರಿದೆವು. ವೇದಿಕೆಗೆ ಮೇಲೆ ತಗಡು, ಮೂರು ಕಡೆ ಬಯಲು. ಉದ್ಘಾಟನೆ ಹೇಗೋ ಆಯಿತು.

ಸಂಕಿರಣದ ವಿಷಯ ರವೀಂದ್ರನಾಥ ಟಾಗೋರರು ಮತ್ತು ಕಾರವಾರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ರವೀಂದ್ರರು ಬಂದು ಉಳಿದಿದ್ದರು, ಕಡಲತೀರಕ್ಕೆ ಅವರ ಹೆಸರು ಬಂದದ್ದು ಅದರಿಂದ. ವಿಷಯ ಚೆನ್ನಾಗಿತ್ತು, ಕೇಳಿಸಿದ್ದು ಕಮ್ಮಿ. ಪ್ರಬಂಧ ಓದುವವರು ಹಾಳೆ ನೋಡುತ್ತ ತಲೆ ತಗ್ಗಿಸುತ್ತಾರೆ, ಬಾಯಿ ಮೈಕಿನಿಂದ ದೂರ ಹೋಗುತ್ತದೆ. ಅಂತರ ಎರಡರಷ್ಟಾದರೆ ದನಿ 6 ಡೆಸಿಬಲ್ ಬೀಳುತ್ತದೆ. ಗೇನ್, ಅಂದರೆ ಮೈಕ್ ದನಿ ಹಿಡಿಯುವ ಮಟ್ಟ, ಏರಿಸಿದರೆ ಸ್ಪೀಕರ್ ಕೂಗಲು ಶುರು. ಒಬ್ಬೊಬ್ಬರಿಗೆ 20 ನಿಮಿಷ ಅಂತ ಇದ್ದದ್ದು. ಮೊದಲನೆಯವರು 50 ನಿಮಿಷ ಓದಿದರು. ಅಧ್ಯಕ್ಷರು ಚೀಟಿ ಕಳಿಸಿದರು. ಅವರು ಚೀಟಿಯನ್ನೂ ಓದಿ, ನಕ್ಕು, ಮುಂದುವರಿಸಿದರು.

ಕೊನೆಗೆ ಪ್ರಶ್ನೋತ್ತರ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು ಏನೋ ಕೇಳಿದಳು. ಕೈಮೈಕ್ ನನ್ನ ಪೆಟ್ಟಿಗೆಯಲ್ಲೇ ಇತ್ತು, ಕೆಳಗೆ ಕೊಡಲು ಯಾರೂ ಹೇಳಿರಲಿಲ್ಲ, ನನಗೂ ಹೊಳೆಯಲಿಲ್ಲ. ಮುಂದಿದ್ದವರೆಲ್ಲ ಕತ್ತು ತಿರುಗಿಸಿದರು. ಆಮೇಲೆ ವೇದಿಕೆಯಿಂದ ಉತ್ತರ: “ಹೌದು, ಅದು ಸರಿಯೇ. ಆದರೆ ಆಗ ಬಂದರು ಹೀಗಿರಲಿಲ್ಲ.” ಇವತ್ತಿಗೂ ಆ ರೆಕಾರ್ಡಿಂಗ್ ನನ್ನ ಹಾರ್ಡ್ ಡಿಸ್ಕ್‌ನಲ್ಲಿದೆ. ಉತ್ತರ ಗಾಜಿನ ಹಾಗೆ ಸ್ಪಷ್ಟ. ಪ್ರಶ್ನೆ ಇದ್ದಲ್ಲಿ ಫ್ಯಾನಿನ ಸದ್ದು.

2:20ಕ್ಕೆ ಸಂಕಿರಣ ಮುಗಿಯಿತು, ಊಟ ಮುಗಿದಾಗ 3:15. ತಾಳಮದ್ದಳೆಯವರಿಂದ ತೊಂದರೆ ಕಡಿಮೆ. ವೇಷ ಇಲ್ಲ, ಕುಣಿತ ಇಲ್ಲ. ಆದರೆ ಕೂತು ಪಾತ್ರದ ಮಾತಾಡುವ ಅರ್ಥಧಾರಿಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಮೈಕ್ ಬೇಕು. ಬರೆದ ಮಾತಲ್ಲವಲ್ಲ, ಕರ್ಣ ಬಾಯಿ ಮುಚ್ಚುವ ಮೊದಲೇ ಕೃಷ್ಣ ಶುರು ಮಾಡಿರುತ್ತಾನೆ. ಸಂಕಿರಣದ ಮೇಜು ಕುರ್ಚಿ ಇಳಿಸಿ, ಜಮಖಾನ ಹಾಸಿ, ಆರು ಮೈಕ್ ಹೊಸದಾಗಿ ಎಳೆಯುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಉಪ್ಪುಗಾಳಿಗೆ ಮೈಕ್ ವಯರಿನ ತುದಿಯ ಒಂದು ಕ್ಯಾನನ್ ಪಿನ್ ಕಿಲುಬು ಹಿಡಿದಿತ್ತು, ಅದನ್ನು ಹುಡುಕಲು ಇನ್ನೊಂದು ಹತ್ತು. ಆ ಮೂವತ್ತೈದು ನಿಮಿಷ ಜನ ನನ್ನನ್ನೇ ನೋಡುತ್ತಿದ್ದರು. ನಿರೂಪಕರು “ತಾಂತ್ರಿಕ ಕಾರಣದಿಂದ” ಅಂತ ಮೂರು ಸಲ ಹೇಳಿದರು. ತಾಂತ್ರಿಕ ಕಾರಣ ಅಂದರೆ ನಾನು.

ಗಾಯಕರು ಬಂದದ್ದು ಧಾರವಾಡದ ಕಡೆಯಿಂದ, ಹಿರಿಯರು. ಐದಕ್ಕೇ ಬಂದು, ತಂಬೂರಿ ಗವಸಿನೊಳಗೇ ಇಟ್ಟುಕೊಂಡು ಪಕ್ಕದ ಕೋಣೆಯಲ್ಲಿ ಕೂತಿದ್ದರು. ವೇದಿಕೆ ಖಾಲಿಯಾದಾಗ 5:50. ಕಾರ್ಯದರ್ಶಿ “ಸರ್, ನೇರವಾಗಿ ಶುರು ಮಾಡಬಹುದಲ್ವಾ?” ಅಂದರು. ಗಾಯಕರು ಸಿಟ್ಟಾಗಲಿಲ್ಲ. “ಒಳಗ ಕೂಡಿಸಿದ ಶ್ರುತಿ ಹೊರಗ ನಿಲ್ಲೂದಿಲ್ಲರೀ, ಇಲ್ಲೆ ಗಾಳಿ ಬ್ಯಾರೆ ಅದ” ಅಂದು ವೇದಿಕೆ ಮೇಲೇ ತಂತಿ ತಿರುವತೊಡಗಿದರು. ನಾಲ್ಕು ತಂತಿ. ಒಂದೊಂದರ ಕೆಳಗೂ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಕಿವಿ ಇಡುತ್ತಿದ್ದರು. ನಾನು ಆತುರಕ್ಕೆ ಮೈಕ್ ತೆರೆದೇ ಇಟ್ಟಿದ್ದೆ. ನನ್ನತ್ತ ನೋಡಿ ಎರಡು ಬೆರಳಿನಿಂದ ಮುಚ್ಚು ಅನ್ನುವ ಸನ್ನೆ ಮಾಡಿದರು. ಹದಿನೆಂಟು ನಿಮಿಷ. ಅಷ್ಟರಲ್ಲಿ ಅರ್ಧ ಜನ ಚಹಾಕ್ಕೆ ಎದ್ದು ಹೋದರು.

ಆಟ ಶುರುವಾಗಿದ್ದು 8:10ಕ್ಕೆ. ಭಾಗವತರು ನನ್ನ ಹಳೆಯ ಪರಿಚಯ. “ತಮ್ಮಾ, ಚಂಡೆಗೆ ಮೈಕ್ ಎಂತಕ್ಕೆ? ನಂಗೆ ಶ್ರುತಿಪೆಟ್ಟಿಗೆ ಕೇಳೋ ಹಾಗೆ ಮಾಡು, ಸಾಕು” ಅಂದರು. ಅದೂ ನನ್ನ ಪಟ್ಟಿಯಲ್ಲಿರಲಿಲ್ಲ. ಹಾಡುವವರಿಗೇ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಇನ್ನೂ ಗಾಯಕರ ಜಾಗದಲ್ಲೇ ಇತ್ತು. ಹತ್ತು ಗಂಟೆಗೆ ಸರಿಯಾಗಿ ಪೊಲೀಸರು ಬಂದು ನಿಂತರು. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ ಸಂದರ್ಭಗಳಿಗೆ ಸರ್ಕಾರ ವರ್ಷಕ್ಕೆ 15 ದಿನದೊಳಗೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅದು ನಮಗಿರಲಿಲ್ಲ. ಪ್ರಸಂಗ ಯುದ್ಧದ ಹೊಸ್ತಿಲಲ್ಲಿತ್ತು. ಆಂಪ್ಲಿಫೈಯರ್ ಆರಿಸಿದೆ. ಭಾಗವತರು ಚಂಡೆಯವರಿಗೆ ಕೈ ಅಡ್ಡ ಹಿಡಿದು, ಬರೀ ತಾಳದ ಮೇಲೆ ಮಂಗಳ ಹಾಡಿ ಎದ್ದರು. ವೇಷಧಾರಿ ಒಬ್ಬ ಪೂರಾ ಬಣ್ಣ ಹಚ್ಚಿಕೊಂಡು, ಕಿರೀಟ ಕಟ್ಟಿಕೊಂಡು ಬಣ್ಣದ ಮನೆಯಲ್ಲೇ, ಚೌಕಿಯಲ್ಲೇ ಉಳಿದ. ಅವನು ರಂಗಕ್ಕೆ ಬರಲೇ ಇಲ್ಲ. ವಯರ್ ಸುತ್ತುವಾಗ ಎದುರಿಗೆ ಕೂತು ಬಣ್ಣ ತೆಗೆಯುತ್ತಿದ್ದ, ನನಗೆ ಮುಖ ಎತ್ತಲಾಗಲಿಲ್ಲ. ಸಂಕಿರಣದಲ್ಲಿ ಮೀರಿದ 30 ನಿಮಿಷ ಕೊನೆಗೆ ಅವನ ಪಾಲಿನಿಂದ ಹೋಗಿತ್ತು. ನಾನು ಸುಮ್ಮನೆ ಬಿಟ್ಟ ಮೂವತ್ತೈದೂ.

ಈಗ ಪತ್ರಿಕೆ ಅಚ್ಚಾಗುವ ಮೊದಲೇ ನನಗೆ ಕಳಿಸಿ ಅನ್ನುತ್ತೇನೆ. ಎರಡು ಕಾರ್ಯಕ್ರಮದ ನಡುವೆ ಎಷ್ಟು ನಿಮಿಷ ಬೇಕು ಅಂತ ಕೆಂಪು ಪೆನ್ನಿನಲ್ಲಿ ಬರೆದು ವಾಪಸು ಕಳಿಸುತ್ತೇನೆ. ಎರಡನೇ ಮೈಕ್ ಜೋಡಣೆ ಬೆಳಿಗ್ಗೆಯೇ ಎಳೆದಿಟ್ಟು, ನೆಲಕ್ಕೆ ಬಣ್ಣದ ಟೇಪ್ ಅಂಟಿಸಿರುತ್ತೇನೆ: ಹಳದಿ ಕುರ್ಚಿಗೆ, ನೀಲಿ ಹಿಮ್ಮೇಳಕ್ಕೆ. ಒಬ್ಬ ಹುಡುಗನ ಕೈಗೆ ಮೈಕ್ ಕೊಟ್ಟು ಕೊನೆಯ ಸಾಲಿನ ಹತ್ತಿರ ನಿಲ್ಲಿಸುತ್ತೇನೆ. ಕೆಲವರಿಗೆ ಇದು ಅಧಿಕಪ್ರಸಂಗ ಅನ್ನಿಸಿದೆ. “ಮೈಕಿನವರು ನಮಗೆ ಟೈಮ್ ಹೇಳೋದಾ?” ಅಂತ ಒಬ್ಬರು ಕೇಳಿದರು. ಆ ಕೆಲಸ ಹೋಯಿತು.

ಕಳೆದ ತಿಂಗಳು ಶಿರಸಿಯಲ್ಲಿ ಒಬ್ಬರು ಮೇಡಂ ನನ್ನ ಕೆಂಪು ಬರಹವನ್ನು ಹಾಗೇ ಅಚ್ಚು ಹಾಕಿಸಿಬಿಟ್ಟರು: “4:40 — ತಂಬೂರಿ ಶ್ರುತಿ”. ಅದೂ ಒಂದು ಕಾರ್ಯಕ್ರಮ ಅಂದುಕೊಂಡು ನಾಲ್ಕೂವರೆಗೇ ಮೂವತ್ತು ಜನ ಬಂದು ಮುಂದಿನ ಸಾಲಿನಲ್ಲಿ ಕೂತರು. ಗಾಯಕಿ ಒಮ್ಮೆ ಅವರನ್ನು ನೋಡಿ, ನನ್ನನ್ನು ನೋಡಿ, ತಂತಿಗೆ ಕೈ ಹಾಕಿದರು. ನಾನು ಮೈಕ್ ಮುಚ್ಚಿಯೇ ಇಟ್ಟಿದ್ದೆ.