ಚೇತಕ್ ತಗಡಿನ ಕೆಲಸ: ಸರ್ಫೇಸರ್ ತನಕ

ಗಾಡಿ 1988ರ ಬಜಾಜ್ ಚೇತಕ್ ಸ್ಕೂಟರ್; ಹಳೇ ಬಣ್ಣ ಇಳಿಸಿ ಸರ್ಫೇಸರ್ (ಬಣ್ಣಕ್ಕೆ ಮುಂಚೆ ಮೇಲ್ಮೈ ಸಮ ಮಾಡುವ ಪದರ) ತನಕದ ಕೆಲಸ ಇದು. ಎರಡು ಡೋಮ್ (ಹಿಂದೆ ಎರಡೂ ಪಕ್ಕದ ಉಬ್ಬು ತಗಡಿನ ಕವರ್: ಒಂದು ಎಂಜಿನ್ ಕಡೆ, ಇನ್ನೊಂದು ಸ್ಟೆಪ್ನಿ ಕಡೆ), ಮುಂದಿನ ಮಡ್‌ಗಾರ್ಡ್, ಗ್ಲೋವ್ ಬಾಕ್ಸ್ ಬಿಚ್ಚಿ ಆಗಿದೆ. ಲೆಗ್ ಶೀಲ್ಡ್, ಫ್ಲೋರ್ ಬೋರ್ಡ್ ಬಾಡಿಯ ಜೊತೆಗೇ ಬರೋದು, ಅವುಗಳ ಸರದಿ ಆಮೇಲೆ.

ಮೊದಲ ವಾರ

ಹಳೇ ಬಣ್ಣದ ಮೇಲೆ ಥಿನ್ನರ್ ಒದ್ದೆ ಮಾಡಿದ ಬಟ್ಟೆ ಅರ್ಧ ನಿಮಿಷ ಒತ್ತಿ ಹಿಡಿದರೆ ಮರೂನ್ ಬಟ್ಟೆಗೇ ಬಂತು. ಅಂದರೆ ಮೇಲಿನ ಪದರ ಎನ್‌ಸಿ (ನೈಟ್ರೋಸೆಲ್ಯುಲೋಸ್, ಥಿನ್ನರ್‌ಗೆ ಕರಗುವ ಬಣ್ಣ). ಇದರ ಮೇಲೆ ಟೂ-ಕೆ ಪೇಂಟ್ (ಹಾರ್ಡನರ್ ಬೆರೆಸಿ ಹೊಡೆಯೋದು) ಹೊಡೆದರೆ ಕೆಳಗಿನದು ಸುಕ್ಕುಗಟ್ಟುತ್ತೆ. ಹಾಗಾಗಿ ಬರೀ ತಗಡಿನ ತನಕ ಇಳಿಸೋದೇ.

ಪೇಂಟ್ ರಿಮೂವರ್ ದಪ್ಪಗೆ, ಬ್ರಷ್ ಒಂದೇ ದಿಕ್ಕಿಗೆ ಎಳೆದು ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಬೇಕು. ಇಲ್ಲದಿದ್ದರೆ ಐದು ನಿಮಿಷಕ್ಕೆ ಒಣಗುತ್ತೆ. ಇಪ್ಪತ್ತು ನಿಮಿಷದ ಮೇಲೆ ಪುಟ್ಟಿ ಬ್ಲೇಡ್‌ನಲ್ಲಿ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಬರುತ್ತೆ. ಉಳಿದದ್ದಕ್ಕೆ 80ರ ಎಮರಿ ಪೇಪರ್ (ಅಂಕಿ ಚಿಕ್ಕದಾದಷ್ಟು ಒರಟು). ಗ್ರೈಂಡರ್‌ಗೆ ಗಟ್ಟಿ ಡಿಸ್ಕ್ ಹಾಕೋದು ಬೇಡ, ತೆಳು ತಗಡು ಬಿಸಿಯಾಗಿ ಅಲೆಅಲೆಯಾಗುತ್ತೆ.

ಎಂಜಿನ್ ಕಡೆ ಡೋಮ್‌ನ ಕೆಳಭಾಗದಲ್ಲಿ ಮ್ಯಾಗ್ನೆಟ್ ನಿಲ್ಲದೆ ಜಾರಿತ್ತು. ಕೆರೆದಾಗ ಅಲ್ಲಿಂದ ಹೆಚ್ಚು ಕಡಿಮೆ 5 ಮಿ.ಮೀ. ಪುಟ್ಟಿ ಬಿಸ್ಕತ್ತಿನ ಹಾಗೆ ಎದ್ದು ಬಂತು, ಅಡಿಯಲ್ಲಿ ಯಾರೂ ಸುತ್ತಿಗೆ ಮುಟ್ಟಿಸದ ಡೆಂಟ್. ಹಳೇ ಸ್ಕೂಟರ್‌ಗಳಲ್ಲಿ ಇದು ಮಾಮೂಲು: ತಟ್ಟೋಕೆ ಸೋಮಾರಿತನ, ಪುಟ್ಟಿಗೆ ಧಾರಾಳ.

ಎರಡನೇ ವಾರ

ಡೆಂಟ್ ಎತ್ತುವಾಗ ಒಳಗಿಂದ ಸುತ್ತಿಗೆ, ಹೊರಗೆ ಡಾಲಿ (ಏಟಿಗೆ ಆಸರೆಯಾಗಿ ಹಿಡಿಯೋ ಕಬ್ಬಿಣದ ಗಟ್ಟಿ). ಅಂಚಿನಿಂದ ಶುರು ಮಾಡಿ ನಡುವಿಗೆ ಬರಬೇಕು. ನಡುವಿಗೇ ಹೊಡೆದರೆ ತಗಡು ಹಿಗ್ಗಿ, ಡಬ್ಬಿ ಮುಚ್ಚಳದ ಹಾಗೆ ಒತ್ತಿದಾಗೆಲ್ಲ ಟಕ್ ಅನ್ನುತ್ತೆ. ಆಮೇಲೆ ಅದನ್ನು ಸರಿ ಮಾಡೋದು ಡೆಂಟ್‌ಗಿಂತ ಕಷ್ಟ.

ನಿಜವಾದ ಶತ್ರು ಡೋಮ್‌ನ ಮಡಿಚಿದ ಅಂಚು. ಒಳಗೆ ನೀರು ನಿಂತು ತುಕ್ಕು ಹಿಡಿದಿರುತ್ತೆ, ವೈರ್ ಬ್ರಷ್ ಹೋಗಲ್ಲ. ಹೊಸ ಬಣ್ಣ ಒಂದೇ ಮಳೆಗಾಲಕ್ಕೆ ಅಂಚಿನಲ್ಲಿ ಗುಳ್ಳೆ ಏಳೋದು ಬಹುಪಾಲು ಇಲ್ಲಿಂದಲೇ. ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಸಣ್ಣ ಬ್ರಷ್‌ನಲ್ಲಿ ಉಣಿಸಿ, ಒಣಗಲು ಬಿಡದೆ ನೀರಲ್ಲಿ ಚೆನ್ನಾಗಿ ತೊಳೆದು, ಬಿಸಿಗಾಳಿ ಕೊಟ್ಟು ಒಣಗಿಸಲಾಯಿತು. ಆಸಿಡ್ ಉಳಿದರೆ ಮೇಲೆ ಹೊಡೆಯೋ ಎಪಾಕ್ಸಿ ಪ್ರೈಮರ್ (ಬರೀ ತಗಡಿಗೆ ತುಕ್ಕು ತಡೆಯೋ ಮೊದಲ ಪದರ) ಕಚ್ಚಲ್ಲ. ಸ್ಟೆಪ್ನಿ ಡೋಮ್‌ನ ಅಂಚಿನಲ್ಲಿ ಸ್ಕ್ರೂಡ್ರೈವರ್ ಚುಚ್ಚಿದಾಗ ಮೂರು ಕಡೆ ತೂತು ಬಿತ್ತು. ಕೊಳೆತಷ್ಟು ಕತ್ತರಿಸಿ ತಗಡಿನ ತುಂಡು ಕೂರಿಸಿ, ಒಂದು ಕಡೆ ಚುಕ್ಕಿ ವೆಲ್ಡ್ ಹಾಕಿ, ಅದು ಆರೋ ತನಕ ಇನ್ನೊಂದು ತುದಿಗೆ ಹೋಗಿ, ಹೀಗೆ ಮುಗಿಸಿದ್ದಾಯಿತು.

ಅದೇ ದಿನ ಸಂಜೆಯೊಳಗೆ ಎಪಾಕ್ಸಿ ಪ್ರೈಮರ್. ತೇವದ ಹವೆಯಲ್ಲಿ ಬರೀ ತಗಡನ್ನು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೇಸರಿ ಹುಡಿ ಕೂತಿರುತ್ತೆ. ಬೆರಳಚ್ಚು ಬಿದ್ದ ಜಾಗದಲ್ಲಿ ಇನ್ನೂ ಬೇಗ.

ಮೂರನೇ ವಾರ

ಎಪಾಕ್ಸಿ ಗಟ್ಟಿಯಾದ ಮೇಲೆ 180ರಲ್ಲಿ ಗೀರು ಮಾಡಿ ಪಾಲಿಯೆಸ್ಟರ್ ಪುಟ್ಟಿ. 100 ಗ್ರಾಂಗೆ ಹಾರ್ಡನರ್ 2 ಗ್ರಾಂ, ತೂಕದ ಲೆಕ್ಕದಲ್ಲಿ. ಬೇಗ ಗಟ್ಟಿಯಾಗಲಿ ಅಂತ ಹೆಚ್ಚು ಹಾಕಿದರೆ ಮುಂದೆ ತಿಳಿ ಬಣ್ಣದ ಮೂಲಕ ಕಲೆ ಹೊರಬರುತ್ತೆ. ಒಟ್ಟು ದಪ್ಪ 2-3 ಮಿ.ಮೀ. ದಾಟಬಾರದು.

ಪುಟ್ಟಿಗೆ ವಾಟರ್ ಪೇಪರ್ ಹಾಕೋದು ಎಷ್ಟೋ ಕಡೆ ರೂಢಿ. ಧೂಳು ಏಳಲ್ಲ ನಿಜ, ಆದರೆ ಪುಟ್ಟಿ ನೀರು ಕುಡಿಯುತ್ತೆ. ಅದನ್ನು ಮುಚ್ಚಿ ಬಣ್ಣ ಹೊಡೆದರೆ ಬಿಸಿಲಿಗೆ ಗುಳ್ಳೆ. ಇಲ್ಲಿ 80, 180, 320 ಎಲ್ಲ ಒಣಗೇ, ಮರದ ಬ್ಲಾಕ್‌ಗೆ ಸುತ್ತಿ. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಸಾಲು ಬೀಳುತ್ತೆ. ಎನ್‌ಸಿ ಪುಟ್ಟಿ ಸೂಜಿಮೊನೆಯಷ್ಟು ತೂತುಗಳಿಗೆ ಮಾತ್ರ, ಅದು ದಿನಗಟ್ಟಲೆ ಕುಗ್ಗುತ್ತೆ.

ಎಲ್ಲಕ್ಕೂ ಟೂ-ಕೆ ಸರ್ಫೇಸರ್ ಎರಡು ಕೈ, ನಡುವೆ 15 ನಿಮಿಷ ಬಿಟ್ಟು. ಹಾರ್ಡನರ್‌ನಲ್ಲಿ ಐಸೊಸಯನೇಟ್ (ಉಸಿರಾಟಕ್ಕೆ ಅಪಾಯದ ರಾಸಾಯನಿಕ) ಇರೋದರಿಂದ ಬಟ್ಟೆ ಮಾಸ್ಕ್ ಉಪಯೋಗಕ್ಕೆ ಬರಲ್ಲ.

ಒಣಗಿದ ಮೇಲೆ ಕಪ್ಪು ಸ್ಪ್ರೇ ತೆಳ್ಳಗೆ ಹಾರಿಸಿ 400ರಲ್ಲಿ ಉಜ್ಜಿದರೆ ತಗ್ಗಿದ್ದಲ್ಲಿ ಕಪ್ಪು ಹಾಗೇ ಉಳಿಯುತ್ತೆ. ಮಡ್‌ಗಾರ್ಡ್, ಗ್ಲೋವ್ ಬಾಕ್ಸ್ ಪಾಸು. ಎಂಜಿನ್ ಡೋಮ್‌ನ ಹಳೇ ಡೆಂಟ್ ಜಾಗದಲ್ಲಿ ಹುಣಸೆ ಬೀಜದಷ್ಟು ಎರಡು ಕಪ್ಪು ಉಳಿದಿವೆ. ಅಲ್ಲಿಗೆ ಇನ್ನೊಂದು ತೆಳು ಪುಟ್ಟಿ, ಮತ್ತೆ ಸರ್ಫೇಸರ್. ಬಣ್ಣಕ್ಕೆ ಮುಂಚೆ ಎರಡೂ ಡೋಮ್ ಬಾಡಿಗೆ ಕೂರಿಸಿ ಬೀಡಿಂಗ್ (ಅಂಚಿನ ಪಟ್ಟಿ) ಸಮೇತ ಸಂದು ನೋಡೋದು ಬಾಕಿ.